ಎರಡು ಹನಿ ರಕ್ತದ ಗಾಯಕ್ಕೇ ನನಗೆ ಹೆದರಿಕೆ

ಪ್ರಶ್ನೆ: ಡಾಕ್ಟ್ರೇ, ನಾವು ಶಿಡ್ಲಘಟ್ಟ ತಾಲ್ಲೂಕಿನವರು. ಹಿಪ್ಪುನೇರಳೆ ಸೊಪ್ಪಿನ ತೋಟ ಇದೆ, ರೇಷ್ಮೆ ಹುಳ ಮೇಯಿಸ್ತೀವಿ. ಹೋದ ವಾರ ಸೊಪ್ಪು ಕೊಯ್ಯುವಾಗ ಕುಡುಗೋಲು ಜಾರಿ ನನ್ನ ಎಡಗೈ ಹೆಬ್ಬೆರಳಿನ ಬುಡ ಸೀಳಿತು. ರಕ್ತ ನಿಲ್ಲಲೇ ಇಲ್ಲ. ನಮ್ಮತ್ತೆ ಒಂದು ಹಿಡಿ ಕಾಫಿಪುಡಿ, ಅರಿಶಿನ ಹಾಕಿ ಒತ್ತಿ ಹಿಡಿದ ಮೇಲೆ ನಿಂತಿತು. ಆಸ್ಪತ್ರೆಯಲ್ಲಿ ಆ ಪುಡಿಯನ್ನೆಲ್ಲ ಉಜ್ಜಿ ತೆಗೆದು, ಚೆನ್ನಾಗಿ ಬೈದು, ನಾಲ್ಕು ಹೊಲಿಗೆ ಹಾಕಿ ಟಿಟಿ ಕೊಟ್ಟರು. ಅದಾಗಿ ಎರಡು ದಿನಕ್ಕೆ ನಮ್ಮ ಯಜಮಾನರಿಗೆ ತೋಟದಲ್ಲಿ ಕಡ್ಡಿಯ ಮೋಟು ಹವಾಯಿ ಚಪ್ಪಲಿ ತೂರಿಕೊಂಡು ಅಂಗಾಲಿಗೆ ಚುಚ್ಚಿತು. ಎರಡು ಹನಿ ರಕ್ತ ಬಂತು, ಅಷ್ಟೇ. ಎಕ್ಕದ ಹಾಲು ಬಿಟ್ಟೆವು, ಸುಣ್ಣ ಬೆಲ್ಲ ಹಚ್ಚಿದೆವು, ರಾತ್ರಿ ಇಟ್ಟಿಗೆ ಕಾಯಿಸಿ ಶಾಖ ಕೊಟ್ಟೆವು. ಇವತ್ತಿಗೆ ಐದು ದಿನ. ಮೇಲೆ ಗಾಯ ಮುಚ್ಚಿಕೊಂಡಿದೆ, ಆದರೆ ನಿನ್ನೆಯಿಂದ ನೋವು ಜಾಸ್ತಿ, ಕಾಲೂರಲು ಆಗ್ತಿಲ್ಲ. ಅವರಿಗೆ 54 ವರ್ಷ, ಸಕ್ಕರೆ ಕಾಯಿಲೆ ಇದೆ. ಮೆಡಿಕಲ್ ಸ್ಟೋರಿನವರು ಮೂರು ದಿನಕ್ಕೆ ಅಮಾಕ್ಸಿಸಿಲಿನ್ ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಅದು ಸಾಕಾ? ಟಿಟಿ ಅವರಿಗೂ ಬೇಕಾ? ಯಾವಾಗ ಹಾಕಿಸಿದ್ದರೋ ನೆನಪಿಲ್ಲ ಅಂತಾರೆ. ಗಾಯಕ್ಕೆ ನೀರು ತಾಕಿಸಬಾರದು ಅಂತ ಅತ್ತೆ, ತೊಳೀಬೇಕು ಅಂತ ಆಶಾ ಅಕ್ಕ. ಹುಳುಮನೆಗೆ ಹೊಡೆಯೋ ಬ್ಲೀಚಿಂಗ್ ನೀರಲ್ಲಿ ತೊಳೆದರೆ ಕ್ರಿಮಿ ಸಾಯಲ್ಲವಾ? ಬದನೆಕಾಯಿ, ಮೊಟ್ಟೆ ನಂಜು ಅಂತ ನನಗೆ ಬರೀ ಅನ್ನ ಸಾರು ಹಾಕ್ತಿದ್ದಾರೆ. ದಯವಿಟ್ಟು ತಿಳಿಸಿ.

ಉತ್ತರ: ಅಮ್ಮಾ, ಉಳಿದದ್ದನ್ನು ಆಮೇಲೆ ಓದಿ. ಯಜಮಾನರನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆ ಹುಳಕ್ಕೆ ಸೊಪ್ಪು ಕೊಡಬೇಕು, ನಾಡಿದ್ದು ಗೂಡು ಮಾರ್ಕೆಟ್ಟಿಗೆ ಹೋಗಬೇಕು ಅಂತ ಮುಂದೂಡಬೇಡಿ. ಸಕ್ಕರೆ ಕಾಯಿಲೆ ಇರುವವರ ಅಂಗಾಲಿಗೆ ಕಟ್ಟಿಗೆ ಚುಚ್ಚಿ, ಮೇಲೆ ಮುಚ್ಚಿಕೊಂಡು, ಐದನೇ ದಿನ ನೋವು ಏರುತ್ತಿದೆ ಅಂದರೆ ಒಳಗೆ ಕೀವು ಕಟ್ಟುತ್ತಿದೆ ಎಂದೇ ಹಿಡಿದು ನಡೆಯಬೇಕು. ಹಾಗಿಲ್ಲದಿದ್ದರೆ ಸಂತೋಷ, ಒಂದು ದಿನದ ಓಡಾಟ ಹೋಯಿತು, ಅಷ್ಟೇ.

ರಕ್ತ ಹರಿದ ನಿಮ್ಮ ಕೈ ಆಸ್ಪತ್ರೆಗೆ ಹೋಯಿತು, ಎರಡು ಹನಿ ಬಂದ ಅವರ ಕಾಲು ಮನೆಯಲ್ಲೇ ಉಳಿಯಿತು. ನನ್ನ ಹೊರರೋಗಿ ವಿಭಾಗಕ್ಕೆ ಬರುವವರದೂ ಇದೇ ಲೆಕ್ಕ. ಬಟ್ಟೆಯೆಲ್ಲ ರಕ್ತ ಮಾಡಿಕೊಂಡವರನ್ನು ನಾಲ್ಕು ಜನ ಎತ್ತಿಕೊಂಡು ಓಡಿ ಬರುತ್ತಾರೆ. ಮೊಳೆ, ಮುಳ್ಳು, ಮೋಟು ಚುಚ್ಚಿಸಿಕೊಂಡವರು ವಾರ ಕಳೆದ ಮೇಲೆ ಕುಂಟುತ್ತಾ ಒಬ್ಬರೇ ಬರುತ್ತಾರೆ. ಸೋಂಕಿನ ಲೆಕ್ಕದಲ್ಲಿ ನನಗೆ ಹೆದರಿಕೆ ಎರಡನೆಯವರ ಬಗ್ಗೆ.

ಕಾರಣ ಸರಳ. ಕುಡುಗೋಲು ಸೀಳಿದ ಗಾಯ ಬಾಯಿ ಬಿಟ್ಟುಕೊಂಡಿರುತ್ತದೆ. ಹರಿದ ರಕ್ತವೇ ಒಂದಷ್ಟು ಕೊಳೆಯನ್ನು ಹೊರಗೆ ತಳ್ಳುತ್ತದೆ, ಉಳಿದದ್ದನ್ನು ತೊಳೆಯಬಹುದು, ಒಳಗೇನಿದೆ ಎಂದು ಕಣ್ಣಾರೆ ನೋಡಬಹುದು. ಮೋಟು ಚುಚ್ಚಿದ ಗಾಯಕ್ಕೆ ಬಾಯಿ ಸಣ್ಣದು, ಆಳ ಹೆಚ್ಚು. ಕೊಟ್ಟಿಗೆ ಗೊಬ್ಬರ ಬಿದ್ದ ಮಣ್ಣು, ಕಡ್ಡಿಯ ಸಿಬಿರು, ಚಪ್ಪಲಿಯ ರಬ್ಬರ್ ಚೂರು ಎಲ್ಲವನ್ನೂ ಒಳಗೆ ಬಿಟ್ಟು ಮೋಟು ಹೊರಬರುತ್ತದೆ. ಚರ್ಮ ಒಂದೆರಡು ದಿನದಲ್ಲೇ ಮುಚ್ಚಿಕೊಳ್ಳುತ್ತದೆ. ಅದನ್ನೇ ನಾವು ವಾಸಿಯಾಯಿತು ಅಂದುಕೊಳ್ಳುತ್ತೇವೆ. ಗಾಳಿಯಾಡದ ಆ ಆಳ ಕೆಲವು ಬ್ಯಾಕ್ಟೀರಿಯಾಗಳಿಗೆ ಬೇಕಾದ ಜಾಗವೇ. ಧನುರ್ವಾಯು ತರುವ ಬ್ಯಾಕ್ಟೀರಿಯಾ ಅಂಥದ್ದು. ಅದರ ಬೀಜಾಣುಗಳು ಮಣ್ಣಿನಲ್ಲಿ, ದನದ ಸಗಣಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಮಾತ್ರ ಧನುರ್ವಾಯು ಎಂಬ ಮಾತಿದೆಯಲ್ಲ, ತುಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಹೊಳೆಯುವ ಹೊಸ ಮೊಳೆಯೂ, ನಿಮ್ಮ ಹಸಿ ಕಡ್ಡಿಯ ಮೋಟೂ ಅಷ್ಟೇ ಅಪಾಯ.

ಹವಾಯಿ ಚಪ್ಪಲಿ ತೂರಿ ಬಂದದ್ದು ಎಂದು ಬರೆದಿರಿ ನೋಡಿ, ಅದು ಮುಖ್ಯವಾದ ವಿವರ. ಬೆವರಿ, ಒದ್ದೆಯಾಗಿ, ಒಣಗಿ ಮತ್ತೆ ಒದ್ದೆಯಾಗುವ ರಬ್ಬರ್ ಅಟ್ಟೆಯಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಅಟ್ಟೆ ತೂರಿ ಚುಚ್ಚಿದ ಗಾಯದಲ್ಲಿ ಅದು ಆಳಕ್ಕೆ ಇಳಿದು ಎಲುಬನ್ನೂ ಹಿಡಿಯುವುದುಂಟು. ಅಮಾಕ್ಸಿಸಿಲಿನ್ ಅದರ ಮೇಲೆ ಕೆಲಸ ಮಾಡುವುದಿಲ್ಲ. ಮೆಡಿಕಲ್ ಸ್ಟೋರಿನವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರಬಹುದು. ಆದರೆ ಆ ಕ್ಯಾಪ್ಸೂಲಿನಿಂದ ಆಗುವುದೇನೆಂದರೆ, ಜೊತೆಯಲ್ಲಿರುವ ಬೇರೆ ಬ್ಯಾಕ್ಟೀರಿಯಾ ಒಂದಿಷ್ಟು ಸತ್ತು, ಮೇಲಿನ ಕೆಂಪು, ಊತ ಕಡಿಮೆಯಾಗಿ, ಒಳಗಿನದು ತಣ್ಣಗೆ ಬೆಳೆಯುತ್ತದೆ. ಎರಡು ವಾರ ಬಿಟ್ಟು ಬಂದಾಗ ಮಾತ್ರೆಯಿಂದ ಮುಗಿಯುವ ಹಂತ ದಾಟಿರುತ್ತದೆ. ಇನ್ನು ಒಳಗೆ ಸಿಬಿರು ಉಳಿದಿದ್ದರಂತೂ ಯಾವ ಆಂಟಿಬಯೋಟಿಕ್ಕೂ ಪೂರ್ತಿ ಗೆಲ್ಲುವುದಿಲ್ಲ. ಅದು ಹೊರಗೆ ಬರಲೇಬೇಕು.

ಈಗ ನಿಮ್ಮ ಮುಂದಿರುವ ದಾರಿಗಳು. ಕ್ಯಾಪ್ಸೂಲ್ ಮುಗಿಯಲಿ ನೋಡೋಣ ಎಂದು ಕಾಯುವುದು ಒಂದು. ಅದನ್ನು ಬೇಡ ಎನ್ನುತ್ತೇನೆ, ಯಾಕೆಂದು ಮೇಲೆ ಹೇಳಿದೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವುದು ಎರಡನೆಯದು. ಅಲ್ಲಿ ಸಕ್ಕರೆ ಪರೀಕ್ಷೆ ಆಗುತ್ತದೆ, ಧನುರ್ವಾಯು ಲಸಿಕೆ ಸಿಗುತ್ತದೆ, ವೈದ್ಯರು ಕಾಲು ಒತ್ತಿ ನೋಡಿ ಮುಂದಕ್ಕೆ ಕಳಿಸಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾರೆ. ಮೂರನೆಯದು ನೇರವಾಗಿ ಸರ್ಜನ್ ಇರುವ ಆಸ್ಪತ್ರೆ: ತಾಲ್ಲೂಕು ಆಸ್ಪತ್ರೆ, ಇಲ್ಲವೆಂದರೆ ಚಿಕ್ಕಬಳ್ಳಾಪುರ. ಕಾಲೂರಲಾಗದ ಸಕ್ಕರೆ ಕಾಯಿಲೆಯವರಾದ್ದರಿಂದ ನನ್ನ ಒಲವು ಮೂರನೆಯದಕ್ಕೆ. ಅಲ್ಲಿ ಜಾಗ ಮರಗಟ್ಟಿಸಿ ಗಾಯದ ಬಾಯಿ ಸ್ವಲ್ಪ ಬಿಡಿಸಿ, ಕೀವಿದ್ದರೆ ಹೊರಬಿಟ್ಟು, ತೊಳೆದು, ಹೊಲಿಯದೆ ತೆರೆದೇ ಬಿಡುತ್ತಾರೆ. ಕೊಯ್ದು ಹೊಲಿಗೆಯನ್ನೇ ಹಾಕಲಿಲ್ಲ ಎಂದು ಜಗಳಕ್ಕೆ ನಿಲ್ಲುವವರನ್ನು ನೋಡಿದ್ದೇನೆ. ಕೊಳೆ ಹೊಕ್ಕ ಗಾಯವನ್ನು ಬಿಗಿಯಾಗಿ ಹೊಲಿದರೆ ಕೀವನ್ನು ಒಳಗೆ ಕೂಡಿಹಾಕಿದ ಹಾಗೆ, ಅದಕ್ಕೇ ತೆರೆದಿಡುವುದು. ಕೊಯ್ಯಿಸಿಕೊಂಡರೆ ತೊಂದರೆಯೇ ಇಲ್ಲವೆಂದಲ್ಲ. ಒಂದೆರಡು ವಾರ ಡ್ರೆಸಿಂಗ್‌ಗೆ ಓಡಾಡಬೇಕು, ಕಾಲೂರದೆ ಇರಬೇಕು, ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಮನೆಯಲ್ಲಿ ಒಂದು ಆಳು ಕಡಿಮೆ.

ಇನ್ನೊಂದು ವಿಷಯ. ಎಕ್ಸ್‌ರೇ ತೆಗೆದು "ಏನೂ ಇಲ್ಲ" ಎಂದರೆ ಸಮಾಧಾನಪಟ್ಟು ಎದ್ದು ಬರಬೇಡಿ. ಎಕ್ಸ್‌ರೇಯಲ್ಲಿ ಮೊಳೆ ಕಾಣುತ್ತದೆ, ಗಾಜು ಬಹುಪಾಲು ಕಾಣುತ್ತದೆ, ಕಟ್ಟಿಗೆಯ ಸಿಬಿರು ಸಾಮಾನ್ಯವಾಗಿ ಕಾಣುವುದಿಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಬೇಕು, ಬಸುರಿಯರಿಗೆ ಮಾಡುವ ಅದೇ ಸ್ಕ್ಯಾನಿಂಗ್. ಎಲುಬಿಗೆ ಸೋಂಕು ತಗುಲಿದ್ದರೂ ಮೊದಲ ಎರಡು ವಾರ ಎಕ್ಸ್‌ರೇ ಚೆನ್ನಾಗಿಯೇ ಕಾಣಬಹುದು. ಹೋಗುವಾಗ ಆ ಚಪ್ಪಲಿಯನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ತೂತಿನ ಸುತ್ತ ರಬ್ಬರ್ ಹರಿದು ಹಾಗೇ ಅಂಟಿಕೊಂಡಿದೆಯೋ, ಅಥವಾ ಒಂದು ಚೂರು ಕಾಣೆಯಾಗಿದೆಯೋ ಎಂದು ನೋಡಿದರೆ ಒಳಗೆ ಹುಡುಕಬೇಕಾದದ್ದು ಇದೆಯೋ ಇಲ್ಲವೋ ಎಂಬ ಅಂದಾಜು ಸಿಗುತ್ತದೆ. ಹಳೆಯ ಚಪ್ಪಲಿ ಹಿಡಿದು ಬಂದರೆ ನಗುವವರು ನಗಲಿ.

ದಾರಿಯಲ್ಲಿ ಅಥವಾ ಮನೆಯಲ್ಲಿ ಚಳಿ ಜ್ವರ ಬಂದರೆ, ಕಾಲಿನಿಂದ ಮೇಲಕ್ಕೆ ಕೆಂಪು ಗೆರೆ ಏರಿದರೆ, ತೊಡೆಸಂದಿನಲ್ಲಿ ಗಂಟು ಕಟ್ಟಿದರೆ, ಚರ್ಮ ಕಪ್ಪಾದರೆ ಅಥವಾ ನೀರುಗುಳ್ಳೆ ಎದ್ದರೆ, ನೋಡಲು ಸಣ್ಣ ಗಾಯ ಆದರೆ ನೋವು ತಡೆಯಲಾಗದಷ್ಟು ಇದ್ದರೆ, ಬೆಳಗಾಗುವ ತನಕ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ದವಡೆ ಬಿಗಿದು ಬಾಯಿ ತೆರೆಯಲು ಕಷ್ಟವಾದರೂ ಅಷ್ಟೇ.

ಎಕ್ಕದ ಹಾಲು, ಸುಣ್ಣ ಬೆಲ್ಲ, ಇಟ್ಟಿಗೆ ಶಾಖ. ನಮ್ಮ ಕಡೆ ಮುಳ್ಳು ಚುಚ್ಚಿದರೆ ಇವು ಮೂರೂ ಆಗಲೇಬೇಕು. ಎಕ್ಕದ ಹಾಲು ಚರ್ಮವನ್ನು ಕೆರಳಿಸುತ್ತದೆ. ಊತ ಬಂದು ಮುಳ್ಳು ಮೇಲೆ ಬಂದಂತೆ ಅನ್ನಿಸಬಹುದು, ಒಳಗಿನದ್ದು ಕರಗುವುದಿಲ್ಲ. ಅದೇ ಕೈ ಕಣ್ಣಿಗೆ ತಾಕಿದರೆ ಇನ್ನೊಂದು ಅನಾಹುತ. ಸುಣ್ಣ ಕ್ಷಾರ, ತೆರೆದ ಗಾಯದ ಮಾಂಸವನ್ನು ಸುಡುತ್ತದೆ. ಇವೆರಡಕ್ಕಿಂತ ನನಗೆ ಚಿಂತೆ ಹಚ್ಚಿದ್ದು ಆ ಇಟ್ಟಿಗೆ. ಸಕ್ಕರೆ ಕಾಯಿಲೆ ಹಳೆಯದಾದಂತೆ ಕಾಲಿನ ನರಗಳು ಜೋಮು ಹಿಡಿಯುತ್ತವೆ. ನಿಮ್ಮ ಕೈಗೆ ಹಿತವಾದ ಬಿಸಿ ಅವರ ಅಂಗಾಲಿಗೆ ಗೊತ್ತೇ ಆಗದೆ ಬೊಬ್ಬೆ ಎದ್ದಿರಬಹುದು. ಟಾರ್ಚ್ ಹಿಡಿದು ಇಡೀ ಅಂಗಾಲು, ಬೆರಳುಸಂದು ಎಲ್ಲ ನೋಡಿ, ಸುಟ್ಟ ಗುರುತಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ. ಅಂಥ ಕಾಲಿಗೆ ನೋವೇ ಕಡಿಮೆ ತಿಳಿಯುವುದರಿಂದ, ನೋವು ಜಾಸ್ತಿಯಾಯಿತು ಎಂದು ಅವರ ಬಾಯಲ್ಲೇ ಬಂದಿದೆ ಅಂದರೆ ನಾನು ಅದನ್ನು ದೊಡ್ಡದಾಗಿಯೇ ತೆಗೆದುಕೊಳ್ಳುತ್ತೇನೆ. ಸೋಂಕು ಸಕ್ಕರೆಯನ್ನು ಏರಿಸುತ್ತದೆ, ಏರಿದ ಸಕ್ಕರೆ ಸೋಂಕನ್ನು ಬೆಳೆಸುತ್ತದೆ. ಹಾಗಾಗಿ ಕಾಲಿಗೆ ಮದ್ದು ಮಾಡುವಾಗಲೇ ಸಕ್ಕರೆಗೂ ಮದ್ದು ಸರಿಮಾಡಬೇಕು. ಕೆಲವು ದಿನದ ಮಟ್ಟಿಗೆ ಇನ್ಸುಲಿನ್ ಬೇಕು ಎಂದರೆ ಗಾಬರಿಯಾಗಬೇಡಿ, ಒಮ್ಮೆ ಶುರುಮಾಡಿದರೆ ಜೀವನಪೂರ್ತಿ ಎಂದೇನೂ ಇಲ್ಲ.

ಟಿಟಿ ವಿಚಾರ. ಆರು ತಿಂಗಳಿಗೊಮ್ಮೆ ಹಾಕಿಸಬೇಕು, ಪ್ರತಿ ಗಾಯಕ್ಕೂ ಒಂದು ಸೂಜಿ ಎನ್ನುವ ನಂಬಿಕೆ ಬಲವಾಗಿದೆ. ಅದಕ್ಕೆ ನಾವು ವೈದ್ಯರೂ ಕಾರಣ. ಹಾಕದೆ ಕಳಿಸಿದರೆ ರೋಗಿಗೆ ಸಮಾಧಾನವಿಲ್ಲ, ಕೇಳಿ ಬರೆದುಕೊಳ್ಳುವುದಕ್ಕಿಂತ ಚುಚ್ಚುವುದು ಸುಲಭ. ನಿಯಮ ಹೀಗಿದೆ: ಹಿಂದೆ ಕನಿಷ್ಠ ಮೂರು ಡೋಸ್ ಸರಿಯಾಗಿ ಆಗಿರುವವರಿಗೆ, ಶುಭ್ರವಾದ ಸಣ್ಣ ಗಾಯವಾದರೆ ಕೊನೆಯ ಡೋಸ್ ಆಗಿ 10 ವರ್ಷ ಕಳೆದಿದ್ದರೆ ಮಾತ್ರ ಮತ್ತೊಂದು ಬೇಕು, ಮಣ್ಣು, ಸಗಣಿ ತಾಗಿದ ಅಥವಾ ಆಳವಾದ ಗಾಯವಾದರೆ 5 ವರ್ಷ ಕಳೆದಿದ್ದರೆ ಬೇಕು. ಮೇಲಿಂದ ಮೇಲೆ ಹಾಕಿಸಿದರೆ ರಕ್ಷಣೆ ಹೆಚ್ಚುವುದಿಲ್ಲ, ತೋಳು ಬಾತುಕೊಂಡು ನೋಯುತ್ತದೆ. ಈಗ ಸರ್ಕಾರಿ ಲಸಿಕೆಯಲ್ಲಿ ಟಿಟಿ ಬದಲು ಟಿಡಿ ಬಂದಿದೆ, ಗಂಟಲಮಾರಿಗೂ ಸೇರಿಸಿದ್ದು. ಸೀಸೆಯ ಮೇಲೆ ಹೆಸರು ಬೇರೆ ಇದೆಯೆಂದು ಅನುಮಾನ ಬೇಡ.

ಇದರಲ್ಲಿ ನಿಮಗೂ ಯಜಮಾನರಿಗೂ ದೊಡ್ಡ ವ್ಯತ್ಯಾಸವಿದೆ. ನಮ್ಮ ದೇಶದಲ್ಲಿ ಎಲ್ಲ ಮಕ್ಕಳಿಗೂ ಲಸಿಕೆ ಎಂಬ ಸಾರ್ವತ್ರಿಕ ಕಾರ್ಯಕ್ರಮ ಶುರುವಾದದ್ದು 1985ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ಹೆಂಗಸರಿಗೂ ಬಸುರಿಯಾದಾಗಲೆಲ್ಲ ಟಿಟಿ ಆಗಿರುತ್ತದೆ. ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯುವನ್ನು ಭಾರತ ಹತೋಟಿಗೆ ತಂದಿದೆ ಎಂದು 2015ರಲ್ಲಿ ಘೋಷಣೆಯಾದದ್ದರ ಹಿಂದೆ ಆ ಸೂಜಿಗಳಿವೆ. ಅದೇ ವಯಸ್ಸಿನ ಗಂಡಸರನ್ನು ಯಾರೂ ಕರೆದು ಹಾಕಲಿಲ್ಲ. ಗಾಯವಾದಾಗ ಅಲ್ಲೊಂದು ಇಲ್ಲೊಂದು ಹಾಕಿಸಿಕೊಂಡದ್ದು ಬಿಟ್ಟರೆ ಮೂರು ಡೋಸ್ ಪೂರ್ತಿಯಾಗದ ಐವತ್ತು ದಾಟಿದ ರೈತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಿಮ್ಮ ಯಜಮಾನರನ್ನೂ ಆ ಲೆಕ್ಕಕ್ಕೇ ಸೇರಿಸಬೇಕು. ಅವರಿಗೆ ಲಸಿಕೆಯ ಜೊತೆಗೆ ಟೆಟನಸ್ ಇಮ್ಯುನೋಗ್ಲಾಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದೂ ಬೇಕಾಗುತ್ತದೆ. ಲಸಿಕೆ ಕೆಲಸ ಶುರುಮಾಡಲು ಹೊತ್ತು ಹಿಡಿಯುತ್ತದೆ. ಇಮ್ಯುನೋಗ್ಲಾಬ್ಯುಲಿನ್ ಸಿದ್ಧ ರಕ್ಷಣೆ, ಹಾಕಿದ ಕೂಡಲೇ ಕೆಲಸಕ್ಕಿಳಿಯುತ್ತದೆ. ಐದು ದಿನ ಕಳೆಯಿತಲ್ಲ, ಇನ್ನೇನು ಉಪಯೋಗ ಎನ್ನಬೇಡಿ. ಧನುರ್ವಾಯು ಸಾಮಾನ್ಯವಾಗಿ ಗಾಯವಾದ 3ರಿಂದ 21 ದಿನದೊಳಗೆ ಕಾಣಿಸಿಕೊಳ್ಳುತ್ತದೆ, ಆದ್ದರಿಂದ ತಡವಾದರೂ ಹಾಕಿಸುವುದೇ ಸರಿ. ಒಂದು ತಿಂಗಳ ನಂತರ ಎರಡನೇ ಡೋಸ್, ಅದಾಗಿ ಆರು ತಿಂಗಳಿಗೆ ಮೂರನೆಯದು. ಚೀಟಿಯನ್ನು ಪಾಸ್‌ಬುಕ್ ಜೊತೆ ಇಟ್ಟುಕೊಳ್ಳಿ, ಕಳೆಯುವುದಿಲ್ಲ.

ನಿಮ್ಮ ಕೈಗೆ ಬರೋಣ. ಕಾಫಿಪುಡಿ ಹಾಕಿದ್ದಕ್ಕೆ ರಕ್ತ ನಿಂತಿತು ಎಂದು ಬರೆದಿದ್ದೀರಿ. ನಿಂತದ್ದು ನಿಮ್ಮ ಅತ್ತೆಯವರ ಕೈಯಿಂದ. ಅವರು ಬಿಡದೆ ಒತ್ತಿ ಹಿಡಿದರು ನೋಡಿ, ಪ್ರಥಮ ಚಿಕಿತ್ಸೆಯ ಪುಸ್ತಕದಲ್ಲಿ ಹೇಳುವುದೂ ಅದನ್ನೇ. ಒಗೆದ ಬಟ್ಟೆಯ ಮಡಿಕೆಯನ್ನು ಗಾಯದ ಮೇಲಿಟ್ಟು, ಕೈಯನ್ನು ಎದೆಗಿಂತ ಮೇಲೆತ್ತಿ, ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಬಿಗಿಯಾಗಿ ಒತ್ತಬೇಕು. ನಿಂತಿತಾ ನಿಂತಿತಾ ಎಂದು ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಆಗತಾನೆ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು. ಕೈಗೆ ಗಾಯವಾದರೆ ಬಳೆ, ಉಂಗುರ ಮೊದಲೇ ತೆಗೆದುಬಿಡಿ, ಊತ ಬಂದ ಮೇಲೆ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಗಾಯದ ಮೇಲುಗಡೆ ದಾರವೋ ಹಗ್ಗವೋ ಬಿಗಿಯುವುದು ಬೇಡ. ರಕ್ತ ಚಿಮ್ಮುತ್ತಿದ್ದು, ಎಷ್ಟು ಒತ್ತಿದರೂ ನಿಲ್ಲದೆ ಪ್ರಾಣಕ್ಕೇ ಬಂದಾಗ ಮಾತ್ರ ಅದು, ಆಗಲೂ ಅಗಲವಾದ ಬಟ್ಟೆಯಿಂದ, ಕಟ್ಟಿದ ಹೊತ್ತು ಬರೆದಿಟ್ಟುಕೊಂಡು. ಏನಾದರೂ ನೆಟ್ಟುಕೊಂಡು ನಿಂತಿದ್ದರೆ ಕೀಳದೆ, ಅಲುಗಾಡದಂತೆ ಸುತ್ತ ಬಟ್ಟೆ ಕೊಟ್ಟು ಹಾಗೇ ಕರೆತನ್ನಿ.

ಇನ್ನು ಪುಡಿಗಳು. ಅರಿಶಿನದಲ್ಲಿ ಬ್ಯಾಕ್ಟೀರಿಯಾ ತಡೆಯುವ ಅಂಶವಿದೆ ಎಂಬುದು ಪ್ರಯೋಗಾಲಯದಲ್ಲಿ ಕಂಡ ಸಂಗತಿ, ಅಲ್ಲಗಳೆಯುವುದಿಲ್ಲ. ಆದರೆ ಅಡುಗೆಮನೆಯ ಡಬ್ಬಿಯ ಅರಿಶಿನ ಶುದ್ಧೀಕರಿಸಿದ ಔಷಧವಲ್ಲ, ದಿನಾ ಸಾರಿಗೆ ಹಾಕುವ ಚಮಚ ಅದರಲ್ಲೇ ಇರುತ್ತದೆ. ಮೇಲಾಗಿ ಅದು ಗಾಯವನ್ನೆಲ್ಲ ಹಳದಿ ಬಳಿದುಬಿಡುತ್ತದೆ. ಕೆಂಪು ಹರಡುತ್ತಿದೆಯೋ, ಕೀವು ಕಟ್ಟಿದೆಯೋ ಎಂದು ನಾನು ನೋಡುವುದು ಬಣ್ಣದಿಂದಲೇ. ಕಾಫಿಪುಡಿಯ ಒಂದೊಂದು ಕಣವೂ ಗಾಯದೊಳಗೆ ಹೊರಗಿನ ವಸ್ತು. ಅದನ್ನು ಉಜ್ಜಿ ತೆಗೆಯುವಾಗ ನಿಮಗಾದ ನೋವು ಹೊಲಿಗೆಯ ನೋವಿಗಿಂತ ಹೆಚ್ಚಿದ್ದಿರಬೇಕು. ಆಂಟಿಬಯೋಟಿಕ್ ಮಾತ್ರೆ ಪುಡಿಮಾಡಿ ಉದುರಿಸುವ ಅಭ್ಯಾಸವೂ ನಿಮ್ಮ ಕಡೆ ಇದೆ; ನುಂಗುವ ಮಾತ್ರೆಯ ಸುಣ್ಣದಂಥ ಹಿಟ್ಟು ಗಾಯದ ಮೇಲೆ ಹೆಕ್ಕಳೆಗಟ್ಟಿ ಅದರಡಿ ಕೀವು ನಿಲ್ಲುತ್ತದೆ, ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಬೈದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ನಿಮ್ಮ ಅತ್ತೆಯವರಿಗೆ ಹೇಳಿ, ಒತ್ತಿ ಹಿಡಿದದ್ದು ಅಪ್ಪಟ ಸರಿ, ಮುಂದಿನ ಸಲ ಪುಡಿಯ ಜಾಗದಲ್ಲಿ ಬಟ್ಟೆ ಇರಲಿ.

ನೀರಿನ ಜಗಳದಲ್ಲಿ ನನ್ನ ಮತ ಆಶಾ ಕಾರ್ಯಕರ್ತೆಗೆ. ರಕ್ತ ನಿಂತ ಮೇಲೆ ಹರಿಯುವ ನೀರಿನಲ್ಲಿ ಐದರಿಂದ ಹತ್ತು ನಿಮಿಷ ತೊಳೆಯುವುದಕ್ಕಿಂತ ದೊಡ್ಡ ಔಷಧ ಮನೆಯಲ್ಲಿ ಇಲ್ಲ. ಕುಡಿಯಲು ಯೋಗ್ಯವಾದ ನಲ್ಲಿ ನೀರಿನಲ್ಲಿ ತೊಳೆದ ಗಾಯಕ್ಕೂ ಆಸ್ಪತ್ರೆಯ ಸಲೈನಿನಲ್ಲಿ ತೊಳೆದ ಗಾಯಕ್ಕೂ ಸೋಂಕಿನಲ್ಲಿ ವ್ಯತ್ಯಾಸ ಕಂಡಿಲ್ಲ. ಸೋಪು ಗಾಯದ ಸುತ್ತಲಿನ ಚರ್ಮಕ್ಕೆ. ನಾಯಿ ಕಚ್ಚಿದ ಗಾಯಕ್ಕೆ ಮಾತ್ರ ಒಳಗೂ ಸೋಪು ಹಾಕಿ 15 ನಿಮಿಷ ತೊಳೆಯಬೇಕು, ಆಮೇಲೆ ರೇಬೀಸ್ ಲಸಿಕೆಗೆ ಓಡಬೇಕು. ಅದು ಬೇರೆಯೇ ಕಥೆ.

ಯಾವ ನೀರು ಎಂಬುದು ನಮ್ಮ ಜಿಲ್ಲೆಯಲ್ಲಿ ಕೇಳಬೇಕಾದ ಪ್ರಶ್ನೆಯೇ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು, ಕುದಿಸಿ ಆರಿಸಿದ ನೀರು ಉತ್ತಮ. ತೋಟದಲ್ಲಿದ್ದರೆ ಬೋರ್‌ವೆಲ್ ಪೈಪಿನಿಂದ ನೇರ ಬೀಳುವ ನೀರು ಆದೀತು. ಫ್ಲೋರೈಡ್ ಇರುತ್ತದಲ್ಲ ಎಂದು ಕೇಳುವವರಿದ್ದಾರೆ. ಅದು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗೆ ತೊಂದರೆ, ಗಾಯ ತೊಳೆಯಲು ಅಡ್ಡಿಯಿಲ್ಲ. ಕೆರೆಗೆ ಮಾತ್ರ ಗಾಯದ ಕೈಕಾಲು ಇಳಿಸಬೇಡಿ. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಕಡೆಯ ಕೆರೆಗಳಿಗೂ, ಕೆ.ಸಿ. ವ್ಯಾಲಿಯಲ್ಲಿ ಕೋಲಾರದ ಕೆರೆಗಳಿಗೂ ಬರುತ್ತಿರುವುದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿದ ನೀರು. ಆ ಯೋಜನೆಯ ಒಳಿತು ಕೆಡುಕು ಏನೇ ಇರಲಿ, ಅದು ಗಾಯ ತೊಳೆಯುವ ನೀರಲ್ಲ. ಕೃಷಿ ಹೊಂಡ, ದನ ಕುಡಿಯುವ ತೊಟ್ಟಿ ಕೂಡ ಬೇಡ.

ಬ್ಲೀಚಿಂಗ್ ನೀರು ಕೇಳಿದ್ದೀರಿ. ಹುಚ್ಚು ಪ್ರಶ್ನೆಯೇನಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಹೆನ್ರಿ ಡೇಕಿನ್ ಎಂಬ ರಸಾಯನ ವಿಜ್ಞಾನಿ ಅದೇ ಜಾತಿಯ ಕ್ಲೋರಿನ್ ದ್ರಾವಣವನ್ನು ತೀರಾ ತೆಳುಮಾಡಿ, ಕ್ಷಾರ ತಗ್ಗಿಸಿ ಸೈನಿಕರ ಗಾಯಕ್ಕೆ ಬಳಸಿದರು. ಅವರ ಹೆಸರಿನ ದ್ರಾವಣ ಇಂದಿಗೂ ಆಸ್ಪತ್ರೆಗಳಲ್ಲಿದೆ. ನಿಮ್ಮ ಹುಳುಮನೆಯ ಡ್ರಮ್ಮಿನಲ್ಲಿರುವುದಕ್ಕೆ ಸುಣ್ಣ ಬೆರೆಸಿರುತ್ತೀರಿ, ಅಳತೆ ಕಣ್ಣಂದಾಜು. ಅದು ಗೋಡೆ, ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆಗೆ. ಕ್ರಿಮಿ ಸಾಯುತ್ತದೆ ನಿಜ, ಗಾಯ ಕೂಡಿಸಲು ಹೊಸದಾಗಿ ಬೆಳೆಯುತ್ತಿರುವ ನಿಮ್ಮ ಜೀವಕೋಶವೂ ಸಾಯುತ್ತದೆ. ಸ್ಪಿರಿಟ್, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್, ನೀರು ಬೆರೆಸದ ಡೆಟಾಲ್ ಎಲ್ಲಕ್ಕೂ ಇದೇ ಆಕ್ಷೇಪ. ಉರಿದರೆ ಮದ್ದು ಹಿಡಿಯುತ್ತಿದೆ ಎಂದುಕೊಳ್ಳುತ್ತೇವೆ, ಉರಿಯುತ್ತಿರುವುದು ನಮ್ಮದೇ ಮಾಂಸ. ಹುಳುಮನೆಗೆ ಹೊಡೆಯುವ ಫಾರ್ಮಲಿನ್ ಅಂತೂ ಹತ್ತಿರ ತರಬೇಡಿ. ಕೈ ವಾಸಿಯಾಗುವ ತನಕ ಹುಳುಮನೆಗೆ ಔಷಧ ಹೊಡೆಯುವ ಕೆಲಸ ಬೇರೆಯವರಿಗೆ ಬಿಡಿ.

ತೊಳೆದ ಮೇಲೆ ಗಾಳಿಗೆ ಬಿಟ್ಟು ಒಣಗಿಸಬೇಕು ಎಂಬುದೂ ಹಳೆಯ ಮಾತು. 1962ರಲ್ಲಿ ಜಾರ್ಜ್ ವಿಂಟರ್ ಎಂಬುವವರು ಹಂದಿಗಳ ಚರ್ಮದ ಮೇಲೆ ಪ್ರಯೋಗ ಮಾಡಿ, ಮುಚ್ಚಿ ತೇವವಾಗಿಟ್ಟ ಗಾಯ ಒಣಗಲು ಬಿಟ್ಟ ಗಾಯಕ್ಕಿಂತ ಬೇಗ ಚರ್ಮ ಕಟ್ಟುತ್ತದೆ ಎಂದು ತೋರಿಸಿದರು. ಹೆಕ್ಕಳೆ ಗಟ್ಟಿಯಾದಷ್ಟೂ ಹೊಸ ಚರ್ಮ ಅದರಡಿ ನುಸುಳಿಕೊಂಡು ಹೋಗಬೇಕು, ಅದಕ್ಕೇ ತಡ. ಹೊಲಿಗೆ ಬೇಡದ ತರಚು ಗಾಯಕ್ಕೆ ತೆಳ್ಳಗೆ ವ್ಯಾಸಲೀನ್, ಮೇಲೊಂದು ಶುದ್ಧ ಗಾಜ್, ದಿನಕ್ಕೊಮ್ಮೆ ಅಥವಾ ಒದ್ದೆಯಾದಾಗ ಬದಲಾವಣೆ. ಇಷ್ಟೇ. ಬಟ್ಟೆ ಅಂಟಿದ್ದರೆ ಕೀಳದೆ ನೀರು ಹನಿಸಿ ನೆನೆಸಿ ತೆಗೆಯಿರಿ. ಬೆಟಾಡಿನ್ ಸುತ್ತಲೂ ಒಂದೆರಡು ದಿನ ಹಚ್ಚಿದರೆ ತಪ್ಪಿಲ್ಲ, ತಿಂಗಳುಗಟ್ಟಲೆ ಸುರಿಯುವುದು ಬೇಡ.

ನಿಮ್ಮ ಹೊಲಿಗೆಗೆ ನೀರು ತಾಕಬಾರದಾಗಿದ್ದು ಮೊದಲ ಒಂದೆರಡು ದಿನ ಮಾತ್ರ. ಈಗ ಸ್ನಾನದ ನೀರು ಮೇಲೆ ಹರಿದು ಹೋದರೆ ತೊಂದರೆಯಿಲ್ಲ, ನೆನೆಸಿಡಬೇಡಿ, ಒತ್ತಿ ಒರೆಸಿ. ಹೊಲಿಗೆಯ ಅಂಚು ಸ್ವಲ್ಪ ಕೆಂಪಗಿದ್ದು ದಿನೇ ದಿನೇ ಕಡಿಮೆಯಾಗುತ್ತಿದ್ದರೆ ಅದು ವಾಸಿಯಾಗುವ ಲಕ್ಷಣ. ಕಡಿಮೆಯಾಗಿದ್ದ ನೋವು ಮತ್ತೆ ಏರಿದರೆ, ಕೆಂಪು ಅಂಚು ದಾಟಿ ಹರಡಿದರೆ, ವಾಸನೆಯ ಕೀವು ಬಂದರೆ ತೋರಿಸಿ. ಕೆಂಪಿನ ಗಡಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದಿಟ್ಟರೆ ಮರುದಿನ ದಾಟಿದೆಯೋ ಇಲ್ಲವೋ ವಾದವಿಲ್ಲದೆ ತಿಳಿಯುತ್ತದೆ. ಚೆನ್ನಾಗಿ ತೊಳೆದು ಹೊಲಿದ ಸಾಮಾನ್ಯ ಗಾಯಕ್ಕೆ ಆಂಟಿಬಯೋಟಿಕ್ ಬಹುಪಾಲು ಬೇಕಾಗುವುದೇ ಇಲ್ಲ. ಬರೆದಿಲ್ಲವೆಂದರೆ ಮರೆತಿದ್ದಾರೆ ಎಂದುಕೊಂಡು ನೀವೇ ಕೊಂಡು ನುಂಗಬೇಡಿ.

ಒಂದು ಪರೀಕ್ಷೆ ಈಗಲೇ ಮಾಡಿ. ಹೆಬ್ಬೆರಳಿನ ತುದಿಯ ಗೆಣ್ಣನ್ನು ಮಡಿಸಿ, ನೇರ ಮಾಡಿ. ಬೆರಳಿನ ಎರಡೂ ಪಕ್ಕ ಹತ್ತಿಯಿಂದ ಸವರಿ, ಬಲಗೈಯಲ್ಲಿ ತಿಳಿದಷ್ಟೇ ತಿಳಿಯುತ್ತದೋ ನೋಡಿ. ಮಡಿಸಲಾಗದಿದ್ದರೆ ಸ್ನಾಯುರಜ್ಜು (ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಹುರಿ), ಒಂದು ಪಕ್ಕ ಮರಗಟ್ಟಿದ್ದರೆ ನರ ತುಂಡಾಗಿರಬಹುದು. ಅದನ್ನು ಬೇಗ ಜೋಡಿಸಿದಷ್ಟೂ ಫಲ, ತಡವಾದಂತೆ ತುದಿಗಳು ಹಿಂದಕ್ಕೆ ಎಳೆದುಕೊಂಡುಬಿಡುತ್ತವೆ. ಯಜಮಾನರ ಜೊತೆ ನೀವೂ ಹೋಗುತ್ತೀರಲ್ಲ, ಆಗಲೇ ಕೈಯನ್ನೂ ಮುಂದೆ ಮಾಡಿ.

ಊಟದ ವಿಚಾರದಲ್ಲಿ ಅತ್ತೆಯವರ ಜೊತೆ ಜಗಳ ಬೇಡ, ಆದರೆ ಬರೀ ಅನ್ನ ಸಾರಿನಿಂದ ಗಾಯ ಕೂಡುವುದಿಲ್ಲ. ಹೊಸ ಮಾಂಸ ಬೆಳೆಯಲು ಪ್ರೋಟೀನ್ ಬೇಕು, ಸಿ ಜೀವಸತ್ವ ಬೇಕು. ಮೊಟ್ಟೆ, ಹುರುಳಿ ಬಸ್ಸಾರು, ಅವರೆಕಾಳು, ಹಾಲು, ಸೀಬೆ, ನೆಲ್ಲಿಕಾಯಿ ಎಲ್ಲ ತಿನ್ನಿ. ಬದನೆಕಾಯಿ ತಿಂದರೆ ಕೀವು ಕಟ್ಟುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕೆಲವರಿಗೆ ಅದನ್ನು ತಿಂದರೆ ಮೈ ತುರಿಸುತ್ತದೆ, ತುರಿಸಿ ಗಾಯ ಕೆದಕುತ್ತಾರೆ. ನಂಬಿಕೆ ಅಲ್ಲಿಂದ ಬಂದಿರಬಹುದು ಎಂದು ನನ್ನ ಊಹೆ. ನಿಮಗೆ ಹಾಗಾಗದಿದ್ದರೆ ತಿನ್ನಿ, ಆಗುವುದಾದರೆ ಬಿಡಿ. ಯಜಮಾನರಿಗೆ ಮೊಟ್ಟೆ, ಕಾಳು ಇರಲಿ, ಮುದ್ದೆ ಅನ್ನದ ಅಳತೆಯನ್ನು ಸಕ್ಕರೆ ನೋಡಿಕೊಂಡು.

ಹೊಲಿಗೆ ಬಿಚ್ಚಲು ಹೆಬ್ಬೆರಳ ಬುಡದಲ್ಲಿ ಹತ್ತರಿಂದ ಹದಿನಾಲ್ಕು ದಿನ ಬೇಕು, ಚರ್ಮ ಅಲ್ಲಿ ಸದಾ ಎಳೆದಾಡುತ್ತಿರುತ್ತದೆ. ಅಲ್ಲಿಯವರೆಗೆ ಕುಡುಗೋಲು ಹಿಡಿಯುವುದು, ಕಡ್ಡಿ ಮುರಿಯುವುದು ಬೇಡ, ಗಿಡದಿಂದ ಬಿಡಿ ಎಲೆ ಬಿಡಿಸುವುದನ್ನು ಬಲಗೈಯಲ್ಲಿ ಮಾಡಿಕೊಳ್ಳಿ. ಕಟಾವಾದ ಸಾಲಿಗೆ ಇಳಿಯುವಾಗ ಮನೆಯವರೆಲ್ಲ ದಪ್ಪ ಅಟ್ಟೆಯ ಗಮ್‌ಬೂಟು ಹಾಕಿಕೊಳ್ಳಿ. ಬೂಟು ಹಾಕುವ ಮುಂಚೆ ಯಜಮಾನರು ಒಳಗೆ ಕೈಯಾಡಿಸಿ ಕಲ್ಲು, ಕಡ್ಡಿ ಇದೆಯೇ ನೋಡಲಿ, ರಾತ್ರಿ ಮಲಗುವ ಮುಂಚೆ ನೀವು ಅವರ ಅಂಗಾಲು ನೋಡಿ.